ಟೊಟ್ಟಿಯನ್ನು ನೋಡುವುದು ಹೇಗೆ? ಒಂದೇ ಕ್ಲಬ್ಬಿನ ಆಟಗಾರನಿಗೆ ಒಂದು ಕೈಪಿಡಿ

ಮೊದಲೇ ಹೇಳಿಬಿಡುತ್ತೇನೆ, ಆ ಅಳುವ ವಿಡಿಯೋದಿಂದ ಶುರು ಮಾಡಬೇಡಿ.

ಯಾವುದು ಅಂತ ಗೊತ್ತಲ್ಲ? 2017ರ ಮೇ 28, ರೋಮ್‌ನ ಒಲಿಂಪಿಕೊ ಸ್ಟೇಡಿಯಂ. ರೋಮಾ ಎಂಬ ಒಂದೇ ಫುಟ್‌ಬಾಲ್ ಕ್ಲಬ್ಬಿಗೆ ಆಡಿದ ಫ್ರಾಂಚೆಸ್ಕೊ ಟೊಟ್ಟಿ ವಿದಾಯ ಹೇಳಲು ಮೈಕ್ ಮುಂದೆ ನಿಂತು ಕಾಗದ ಓದುತ್ತಿದ್ದಾನೆ, ಗ್ಯಾಲರಿಯಲ್ಲಿ ದೊಡ್ಡ ದೊಡ್ಡ ಗಂಡಸರು ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ. ಅದನ್ನು ನೋಡಿದರೆ ನಿಮ್ಮ ಕಣ್ಣೂ ಒದ್ದೆಯಾಗುತ್ತದೆ. ಆದರೆ ಯಾಕೆ ಒದ್ದೆಯಾಯ್ತು ಅಂತ ನಿಮಗೇ ಗೊತ್ತಿರುವುದಿಲ್ಲ. ಊಟ ಮಾಡದೆ ಬರೀ ಬೀಡಾ ಹಾಕಿಕೊಂಡು ಎದ್ದುಬಂದ ಹಾಗೆ.

ನನ್ನದು ಶಿವಮೊಗ್ಗದಲ್ಲಿ ಒಂದು ಎಲೆಕ್ಟ್ರಿಕಲ್ ಅಂಗಡಿ. ಶನಿವಾರ ರಾತ್ರಿ ಅಂಗಡಿ ಬಾಗಿಲು ಎಳೆದ ಮೇಲೆ ನಮ್ಮ ಮನೆಯ ಹಾಲ್ ಫುಟ್‌ಬಾಲ್ ಪಾಲು. ಅಕ್ಕನ ಮಗ ಬರುತ್ತಾನೆ, ಜೊತೆಗೆ ಅವನ ಕಾಲೇಜಿನ ಹುಡುಗರು. ಅವರಿಗೆ ಟೊಟ್ಟಿ ಎಂದರೆ ವಿಡಿಯೋ ಗೇಮ್‌ನಲ್ಲಿ ಬರುವ ಹಳೇ ಹೆಸರು. "ಮಾಮ, ಅಷ್ಟು ವರ್ಷ ಒಂದೇ ಟೀಮಲ್ಲಿ ಆಡಿ ಇವನು ಗೆದ್ದಿದ್ದೇನು?" ಅಂತ ಕೇಳಿದ. ರೋಮಾ ಜೊತೆ ಗೆದ್ದಿದ್ದು ಲೀಗ್ ಒಂದು, ಇಟಲಿ ಕಪ್ ಎರಡು, ಸೂಪರ್ ಕಪ್ ಎರಡು ಅಂದೆ. "ಅಷ್ಟೇನಾ?" ಅಂದ. ಪ್ರಶ್ನೆ ಸರಿಯಾಗಿಯೇ ಇದೆ. ಕಪ್ ಲೆಕ್ಕ ಹಾಕುವವನಿಗೆ ಟೊಟ್ಟಿ ಯಾಕೆ ದೊಡ್ಡವನು ಎಂದು ತಿಳಿಯುವುದೇ ಇಲ್ಲ. ಹಾಗಾದರೆ ಏನನ್ನು ಲೆಕ್ಕ ಹಾಕಬೇಕು? ಹುಡುಗರಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ನೋಟ್‌ಬುಕ್ ತಗೊಳ್ಳಿ. ಪುಟಕ್ಕೆ ಉದ್ದುದ್ದ ಗೆರೆ ಎಳೆದು ನಾಲ್ಕು ಕಾಲಂ ಮಾಡಿ. ಒಂದರಲ್ಲಿ ವರ್ಷ, ಇನ್ನೊಂದರಲ್ಲಿ ಕೋಚ್ ಯಾರು, ಮೂರನೆಯದರಲ್ಲಿ ಅವನು ಮೈದಾನದಲ್ಲಿ ಎಲ್ಲಿ ನಿಲ್ಲುತ್ತಿದ್ದ. ಕೊನೆಯ ಕಾಲಂ ಮುಖ್ಯ: ಆ ವರ್ಷ ಅವನು ಬಿಟ್ಟು ಹೋಗಬಹುದಿತ್ತಾ? ಗೋಲಿಗೆ ಕಾಲಂ ಬೇಡ. ಒಟ್ಟು 786 ಮ್ಯಾಚ್, 307 ಗೋಲು ಅಂತ ಪುಟದ ತಲೆಯ ಮೇಲೆ ಒಂದು ಸಲ ಬರೆದು ಮರೆತುಬಿಡಿ.

ಮೊದಲು ಊರು

ಆಟಕ್ಕಿಂತ ಮುಂಚೆ ಫೋನಿನಲ್ಲಿ ರೋಮ್‌ನ ಮ್ಯಾಪ್ ತೆಗೆಯಿರಿ. ಹಳೇ ಊರಿನ ಗೋಡೆಯಲ್ಲಿ ಪೋರ್ತಾ ಮೆತ್ರೋನಿಯಾ ಎಂಬ ಬಾಗಿಲು ಹುಡುಕಿ. ಅಲ್ಲೇ ಹತ್ತಿರದ ವಿಯಾ ವೆತುಲೋನಿಯಾ ಬೀದಿಯಲ್ಲಿ ಟೊಟ್ಟಿ ಬೆಳೆದ. ಹುಟ್ಟಿದ್ದು 1976ರ ಸೆಪ್ಟೆಂಬರ್ 27. ಮ್ಯಾಪ್‌ನಲ್ಲಿ ಈಗ ವಾಯವ್ಯಕ್ಕೆ ಹೋಗಿ, ಟೈಬರ್ ನದಿ ಪಕ್ಕ ಒಲಿಂಪಿಕೊ ಸಿಗುತ್ತದೆ. ಆ ಸ್ಟೇಡಿಯಂ ಇಬ್ಬರದು, ರೋಮಾದ್ದೂ ಹೌದು, ಲಾಜಿಯೊದ್ದೂ ಹೌದು. ದಕ್ಷಿಣದ ಗ್ಯಾಲರಿ ರೋಮಾ ಕಡೆಯವರದು, ಉತ್ತರದ್ದು ಲಾಜಿಯೊದವರದು. ಒಂದೇ ಊರು, ಒಂದೇ ಮೈದಾನ, ಎರಡು ಬಣ. ಮನೆಯೊಳಗೇ ಜಗಳ ಇರುತ್ತದೆ ಮಾರಾಯ್ರೆ.

ಚಿಕ್ಕವನಿದ್ದಾಗ ಮಿಲಾನ್ ಕ್ಲಬ್ಬಿನವರು ಕರೆದಿದ್ದರು. ತಾಯಿ ಫಿಯೊರೆಲ್ಲಾ ಒಪ್ಪಲಿಲ್ಲ, ಮಗನನ್ನು ಅಷ್ಟು ದೂರ ಕಳಿಸುವುದಿಲ್ಲ ಅಂದರು. ಆಮೇಲೆ ಲಾಜಿಯೊದವರೂ ಕಣ್ಣು ಹಾಕಿದ್ದರು. ಕೊನೆಗೆ 1989ರಲ್ಲಿ ರೋಮಾದ ಕಿರಿಯರ ತಂಡ ಸೇರಿದ. ನೋಟ್‌ಬುಕ್ಕಿನ ನಾಲ್ಕನೇ ಕಾಲಂನಲ್ಲಿ ಮೊದಲ "ಹೌದು" ಇಲ್ಲೇ ಬೀಳುತ್ತದೆ. ಅಲ್ಲಿ ನಿಷ್ಠೆ ಮಗನದ್ದಲ್ಲ, ಅಮ್ಮನ ಹಟ.

ಮೊದಲ ಮ್ಯಾಚ್ 1993ರ ಮಾರ್ಚ್ 28, ಬ್ರೆಷಾ ಊರಲ್ಲಿ, ಕೊನೆಯ ಕೆಲವೇ ನಿಮಿಷ. 16 ವರ್ಷದವನನ್ನು ಇಳಿಸಿದ ಕೋಚ್ ವುಯಾದಿನ್ ಬೋಶ್ಕೊವ್. ಈ ಕ್ಲಿಪ್‌ಗೆ ಜಾಸ್ತಿ ಹೊತ್ತು ಕೊಡಬೇಡಿ, ಅದರಲ್ಲಿ ನೋಡಲು ಏನೂ ಇಲ್ಲ. ಮುಂದೆ ಮಾತ್ಸೋನೆ ಎಂಬ ಅಪ್ಪಟ ರೋಮ್‌ನ ಕೋಚ್ ಬಂದ, ಹುಡುಗನನ್ನು ಪತ್ರಿಕೆಯವರ ಕೈಗೆ ಸಿಗದ ಹಾಗೆ ಕಾದ, ನಿಧಾನವಾಗಿ ಆಡಿಸಿದ. ಮೊದಲ ಗೋಲು 1994ರ ಸೆಪ್ಟೆಂಬರ್‌ನಲ್ಲಿ, ಫೋಜಾ ವಿರುದ್ಧ.

ಹೋಗಬಹುದಾಗಿದ್ದ ವರ್ಷಗಳು

ನಿಜವಾದ ಆರಂಭ 1996-97. ಅರ್ಜೆಂಟೀನಾದಿಂದ ಕಾರ್ಲೊಸ್ ಬಿಯಾಂಕಿ ಎಂಬ ಕೋಚ್ ಬಂದಿದ್ದ. ಅಲ್ಲಿ ದೊಡ್ಡ ಹೆಸರು ಮಾಡಿದವನು. ಅವನಿಗೆ ಟೊಟ್ಟಿ ಹಿಡಿಸಲಿಲ್ಲ. ಸಂಪ್‌ಡೋರಿಯಾ ಕ್ಲಬ್ಬಿಗೆ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ಕಳಿಸಿ, ಆ ಜಾಗಕ್ಕೆ ನೆದರ್‌ಲ್ಯಾಂಡ್ಸ್‌ನ ಅಯಾಕ್ಸ್ ಕ್ಲಬ್ಬಿನ ಯಾರಿ ಲಿಟ್ಮಾನನ್‌ನನ್ನು ತರೋಣ ಎನ್ನುವುದು ಅವನ ಯೋಚನೆ. ಆಗ, 1997ರ ಫೆಬ್ರವರಿಯಲ್ಲಿ, ರೋಮ್‌ನಲ್ಲೇ ಒಂದು ಚಿಕ್ಕ ಸ್ನೇಹಪರ ಟೂರ್ನಿ ನಡೆಯಿತು. ಅಯಾಕ್ಸೂ ಬಂದಿತ್ತು, ಲಿಟ್ಮಾನನ್ನೂ ಬಂದಿದ್ದ. ಆ ರಾತ್ರಿ ಎಲ್ಲರ ಕಣ್ಣಿಗೆ ಬಿದ್ದವನು ಟೊಟ್ಟಿ. ಅಧ್ಯಕ್ಷ ಫ್ರಾಂಕೊ ಸೆನ್ಸಿ ಲೋನ್ ಮಾತು ಅಲ್ಲಿಗೇ ಮುಗಿಸಿದರು. ಕೆಲವೇ ವಾರಗಳಲ್ಲಿ ಕೆಲಸ ಕಳೆದುಕೊಂಡವನು ಬಿಯಾಂಕಿ.

ಇದನ್ನು ಮೊದಲು ಓದಿ ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ಒಂದೇ ಕ್ಲಬ್ಬಿನಲ್ಲಿ ಉಳಿದವರ ಬಗ್ಗೆ ಬರೆಯುವವರು ಎಲ್ಲವೂ ಹಣೆಬರಹದಲ್ಲೇ ಇತ್ತು ಎನ್ನುವ ಹಾಗೆ ಬರೆಯುತ್ತಾರೆ. ಒಂದು ಲೆಕ್ಕಕ್ಕಿಲ್ಲದ ಟೂರ್ನಿಯಲ್ಲಿ ಕಾಲು ಜಾರಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಂತರ ಜೆಮಾನ್ ಬಂದ. 4-3-3, ಅಂದರೆ ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು. ಎಡಗಡೆಯಿಂದ ಒಳಗೆ ನುಗ್ಗುವ ಟೊಟ್ಟಿ, ಬೆನ್ನ ಮೇಲೆ 10ನೇ ನಂಬರ್. ಸ್ಟೇಡಿಯಂ ಮೆಟ್ಟಿಲು ಹತ್ತಿಸಿ ಹತ್ತಿಸಿ ಸುಸ್ತು ಮಾಡುವ ಕೋಚ್ ಅವನು. 1998ರಲ್ಲಿ, 22ನೇ ವಯಸ್ಸಿಗೆ, ಟೊಟ್ಟಿ ಕ್ಯಾಪ್ಟನ್ ಆದ. ಆಮೇಲೆ ಕಪೆಲ್ಲೊ. 2000ದಲ್ಲಿ ಪಕ್ಕದ ಮನೆಯ ಲಾಜಿಯೊ ಲೀಗ್ ಗೆದ್ದಿತು, ಅದೇ ಬೇಸಿಗೆಯಲ್ಲಿ ಸೆನ್ಸಿ ಫಿಯೊರೆಂಟೀನಾದಿಂದ ಬತಿಸ್ತುತಾನನ್ನು ಕೊಂಡು ತಂದರು. ಹೊಟ್ಟೆಕಿಚ್ಚು ಅಂತ ಬಾಯಿ ಬಿಟ್ಟು ಯಾರೂ ಹೇಳಲಿಲ್ಲ, ಬಿಡಿ. 2001ರ ಜೂನ್ 17ಕ್ಕೆ ಪಾರ್ಮಾ ವಿರುದ್ಧ 3-1. ಟೊಟ್ಟಿ, ಮೊಂತೆಲ್ಲಾ, ಬತಿಸ್ತುತಾ ಒಂದೊಂದು. ಮ್ಯಾಚ್ ಮುಗಿಯುವ ಮುಂಚೆಯೇ ಜನ ಮೈದಾನಕ್ಕೆ ನುಗ್ಗಿದ್ದರು. 1942, 1983 ಆದ ಮೇಲೆ ರೋಮಾಕ್ಕೆ ಅದು ಮೂರನೇ ಲೀಗ್. ಈ ಮ್ಯಾಚ್ ಪೂರ್ತಿ ನೋಡಿ. ಖುಷಿಗೆ ನೋಡಿ, ನೋಟ್ ಮಾಡಬೇಡಿ.

ಈಗ ಪುಟ ತಿರುಗಿಸಿ 2004ಕ್ಕೆ ಬನ್ನಿ. ನನ್ನ ಪ್ರಕಾರ ಟೊಟ್ಟಿಯ ಬದುಕಿನಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ವರ್ಷ ಗೆದ್ದ 2001 ಅಲ್ಲ, 2004-05. ಆಗಿದ್ದೇನು ನೋಡಿ. ಕಪೆಲ್ಲೊ ರಾತ್ರೋರಾತ್ರಿ ಎನ್ನುವ ಹಾಗೆ ಜುವೆಂಟಸ್‌ಗೆ ಹೋದ. ಮಿಡ್‌ಫೀಲ್ಡರ್ ಎಮರ್ಸನ್ ಅವನ ಹಿಂದೆಯೇ ಹೋದ. ಸೆಂಟರ್ ಬ್ಯಾಕ್ (ಗೋಲಿನ ಮುಂದೆ ನಡುವೆ ನಿಂತು ಕಾಯುವವನು) ವಾಲ್ಟರ್ ಸ್ಯಾಮುಯೆಲ್ ರಿಯಲ್ ಮ್ಯಾಡ್ರಿಡ್ ಸೇರಿದ. ಅದೇ ಮ್ಯಾಡ್ರಿಡ್‌ಗೆ ಟೊಟ್ಟಿಯೂ ಬೇಕಾಗಿದ್ದ. ವಯಸ್ಸು 27, ಆಟ ತುದಿಯಲ್ಲಿ. ಹೊಸ ಕೋಚ್ ಪ್ರಾಂದೆಲ್ಲಿ ಹೆಂಡತಿಯ ಕಾಯಿಲೆಯ ಕಾರಣ ಸೀಸನ್ ಶುರುವಾಗುವ ಮುಂಚೆಯೇ ಬಿಟ್ಟರು. ಫೋಲರ್ ಬಂದು ಕೆಲವೇ ವಾರದಲ್ಲಿ ಹೋದ. ದೆಲ್‌ನೇರಿ ಬಂದ, ಮಾರ್ಚ್‌ನಲ್ಲಿ ಅವನೂ ಹೋದ. ಕೊನೆಗೆ 1983ರ ಚಾಂಪಿಯನ್ ತಂಡದ ಬ್ರೂನೊ ಕೊಂತಿ ಬಂದು ಬಂಡಿ ತಳ್ಳಿದ. ನಡುವೆ ಡೈನಮೊ ಕೀವ್ ವಿರುದ್ಧದ ಚಾಂಪಿಯನ್ಸ್ ಲೀಗ್ ಮ್ಯಾಚ್‌ನಲ್ಲಿ ಗ್ಯಾಲರಿಯಿಂದ ಎಸೆದ ವಸ್ತು ರೆಫರಿ ಆಂಡರ್ಸ್ ಫ್ರಿಸ್ಕ್ ಹಣೆಗೆ ತಾಗಿ ರಕ್ತ ಬಂತು, ರೋಮಾ 0-3 ಸೋತ ಹಾಗೆ ಅಂತ ತೀರ್ಪಾಯ್ತು. ಲೀಗ್‌ನಲ್ಲಿ ಎಂಟನೇ ಸ್ಥಾನ.

ಇಂಥ ವರ್ಷದಲ್ಲಿ ಹೋದವರನ್ನು ಯಾರೂ ಬೈಯುತ್ತಿರಲಿಲ್ಲ. ಟೊಟ್ಟಿ ಹೋಗಲಿಲ್ಲ. 2005ರಲ್ಲಿ ಹೊಸ ಒಪ್ಪಂದಕ್ಕೆ ಸಹಿ ಹಾಕಿದ, 2010ರವರೆಗೆ. ಸಂಬಳ ಕಡಿಮೆಯೇನೂ ಇರಲಿಲ್ಲ, ಅದನ್ನೂ ಬರೆದುಕೊಳ್ಳಿ. ಇಟಲಿಯಲ್ಲೇ ಚೆನ್ನಾಗಿ ದುಡಿದವರ ಸಾಲಿನಲ್ಲಿ ಅವನಿದ್ದ. ತ್ಯಾಗಮೂರ್ತಿ ಮಾಡಿ ಹಾರ ಹಾಕುವುದು ಬೇಡ. ದುಡ್ಡು ಎರಡೂ ಕಡೆ ಇತ್ತು, ಕಪ್ ಮಾತ್ರ ಮ್ಯಾಡ್ರಿಡ್ ಕಡೆ ಜಾಸ್ತಿ ಇತ್ತು. ಅವನು ಬಿಟ್ಟುಕೊಟ್ಟಿದ್ದು ಅದನ್ನೇ.

ಆಟ ನೋಡುವ ಬಗೆ

ಉಳಿಯುವುದು ಒಂದು, ಉಳಿದು ಉಪಯೋಗಕ್ಕೆ ಬರುವುದು ಇನ್ನೊಂದು. ಮೂರನೇ ಕಾಲಂ ಇರುವುದು ಇದಕ್ಕೇ.

2005ರ ಡಿಸೆಂಬರ್. ಕೋಚ್ ಲುಚಾನೊ ಸ್ಪಲೆಟ್ಟಿ. ಮೊಂತೆಲ್ಲಾಗೆ ಗಾಯ, ಕಸ್ಸಾನೊ ಕ್ಲಬ್ ಬಿಡುವ ಹಾದಿಯಲ್ಲಿದ್ದ. ಮುಂದೆ ಆಡಲು ಸರಿಯಾದ ಸ್ಟ್ರೈಕರ್ ಇಲ್ಲ. ಸಂಪ್‌ಡೋರಿಯಾ ವಿರುದ್ಧ ಸ್ಪಲೆಟ್ಟಿ ಟೊಟ್ಟಿಯನ್ನೇ ಎಲ್ಲರಿಗಿಂತ ಮುಂದೆ ನಿಲ್ಲಿಸಿದ. ಟೊಟ್ಟಿ ಅಲ್ಲಿ ನಿಂತನೇ? ಇಲ್ಲ. ಹಿಂದೆ ಹಿಂದೆ ಬರುತ್ತಿದ್ದ. ಆ ಮ್ಯಾಚ್ 1-1 ಆಯಿತು, ಮುಂದಿನದರಿಂದ ಸತತ 11 ಲೀಗ್ ಗೆಲುವು. ಆಗಿನ ಕಾಲಕ್ಕೆ ಅದು ಇಟಲಿಯಲ್ಲಿ ದಾಖಲೆ.

ಇದನ್ನು ನೋಡಲು 2006-07ರ ಯಾವುದಾದರೂ ಒಂದು ರೋಮಾ ಮ್ಯಾಚ್ ತಗೊಳ್ಳಿ. ಪೂರ್ತಿ ಮ್ಯಾಚ್ ಆಗಬೇಕು, ಗೋಲುಗಳ ಕ್ಲಿಪ್ ಆಗುವುದಿಲ್ಲ. ಸೌಂಡ್ ಮ್ಯೂಟ್ ಮಾಡಿ. ಮೊದಲ 20 ನಿಮಿಷವನ್ನು ಮೂರು ಸಲ ಹಾಕಿ.

ಮೊದಲ ಸಲ ಸುಮ್ನೆ ಚೆಂಡು ನೋಡಿ. ಎರಡನೇ ಸಲ ಚೆಂಡನ್ನು ಮರೆತು ಎದುರು ತಂಡದ ಇಬ್ಬರು ಸೆಂಟರ್ ಬ್ಯಾಕ್‌ಗಳನ್ನು ಮಾತ್ರ ನೋಡಿ. ಟೊಟ್ಟಿ ಹಿಂದಕ್ಕೆ ಬಂದಾಗ ಅವರಲ್ಲೊಬ್ಬ ಎರಡು ಹೆಜ್ಜೆ ಮುಂದಿಡುತ್ತಾನೆ, ನಿಲ್ಲುತ್ತಾನೆ, ಪಕ್ಕದವನ ಮುಖ ನೋಡುತ್ತಾನೆ. ಹಿಂಬಾಲಿಸಿದರೆ ಬೆನ್ನ ಹಿಂದೆ ಜಾಗ ಖಾಲಿ. ಹಿಂಬಾಲಿಸದಿದ್ದರೆ ಟೊಟ್ಟಿಗೆ ತಿರುಗಲು ಪುರುಸೊತ್ತು. ಆ ಅನುಮಾನದ ಒಂದು ಸೆಕೆಂಡಿನಲ್ಲಿ ಪೆರೊಟ್ಟಾ ಆ ಖಾಲಿ ಜಾಗಕ್ಕೆ ಓಡಿರುತ್ತಾನೆ. ಇನ್ನೊಂದು ಕಡೆಯಿಂದ ತದ್ದೇಯಿ ಇಲ್ಲವೇ ಮನ್ಸೀನಿ.

ಮೂರನೇ ಸಲ ಟೊಟ್ಟಿಯ ತಲೆ ನೋಡಿ. ಕಾಲಲ್ಲ, ತಲೆ. ಚೆಂಡು ಅವನ ಹತ್ತಿರ ಬರುವ ಮುಂಚೆ ಒಮ್ಮೆ ಭುಜದ ಮೇಲಿಂದ ಹಿಂದಕ್ಕೆ ಕಣ್ಣು ಹಾಯಿಸುತ್ತಾನೆ. ಆಮೇಲೆ ಗೋಲಿಗೆ ಬೆನ್ನು ಮಾಡಿಕೊಂಡೇ, ಚೆಂಡನ್ನು ನಿಲ್ಲಿಸದೆ, ಒಂದೇ ಸ್ಪರ್ಶಕ್ಕೆ ಹಿಂದಕ್ಕೆ ಕಳಿಸುತ್ತಾನೆ. ಕೆಲವೊಮ್ಮೆ ಹಿಮ್ಮಡಿಯಿಂದ. ಅದು ಶೋಕಿ ಅಲ್ಲ, ಟೈಮ್ ಉಳಿಸುವ ಲೆಕ್ಕ. ಅಕ್ಕನ ಮಗ ಇದನ್ನು ಕಂಡುಹಿಡಿದ ದಿನ ರಿಮೋಟ್ ನನ್ನ ಕೈಗೆ ಕೊಡಲೇ ಇಲ್ಲ.

ಆ ಸೀಸನ್ ಟೊಟ್ಟಿ ಲೀಗ್‌ನಲ್ಲಿ 26 ಗೋಲು ಹೊಡೆದು ಯುರೋಪಿನ ಲೀಗ್‌ಗಳಲ್ಲಿ ಗೋಲು ಹೊಡೆಯುವುದರಲ್ಲಿ ಮೊದಲಿಗನಾದವನಿಗೆ ಕೊಡುವ ಗೋಲ್ಡನ್ ಶೂ ಪಡೆದ, 30 ದಾಟಿದ ಮೇಲೆ. ಅದೇ ಸೀಸನ್ನಿನ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಇದೇ ರೋಮಾವನ್ನು 7-1ರಿಂದ ಚಚ್ಚಿತು. ಅದನ್ನೂ ನೋಡಿ. ಒಳ್ಳೇದನ್ನು ಮಾತ್ರ ಆರಿಸಿಕೊಂಡರೆ ನೋಟ್‌ಬುಕ್ ಯಾಕೆ ಬೇಕು?

ನಡುವೆ 2006ರ ಕಥೆ ಇದೆ. ಫೆಬ್ರವರಿ 19ರಂದು ಎಂಪೊಲಿ ವಿರುದ್ಧ ಕಾಲಿನ ಮೂಳೆ ಮುರಿಯಿತು. ಪ್ಲೇಟು, ಸ್ಕ್ರೂ ಹಾಕಿ ಕೂರಿಸಿದರು. ಜೂನ್‌ನಲ್ಲಿ ವರ್ಲ್ಡ್ ಕಪ್. ಕೋಚ್ ಲಿಪ್ಪಿ ಅವನಿಗಾಗಿ ಕಾದ. ಆಸ್ಟ್ರೇಲಿಯಾ ವಿರುದ್ಧದ ಮ್ಯಾಚ್ ನಮ್ಮಲ್ಲಿ ರಾತ್ರಿ ಎಂಟೂವರೆಗೆ ಶುರುವಾಗಿತ್ತು. ಇಟಲಿ ಹತ್ತು ಜನ, 0-0, ಟೊಟ್ಟಿ ಬದಲಿಯಾಗಿ ಬಂದವನು. 95ನೇ ನಿಮಿಷಕ್ಕೆ ಪೆನಾಲ್ಟಿ. ಕಾಲಲ್ಲಿ ಲೋಹ ಇಟ್ಟುಕೊಂಡವನು ಚೆಂಡನ್ನು ಎತ್ತರಕ್ಕೆ, ಬಲವಾಗಿ ಬಾರಿಸಿದ. ಒಳಗೆ. ಆ ಕಪ್ ಇಟಲಿಯದಾಯಿತು. ಮುಂದಿನ ವರ್ಷವೇ ದೇಶದ ತಂಡ ಬಿಟ್ಟ, 58 ಮ್ಯಾಚ್‌ಗೆ ಸಾಕು ಅಂದ. ಉಳಿದ ಕಾಲನ್ನೆಲ್ಲ ಕ್ಲಬ್ಬಿಗೆ ಇಟ್ಟುಕೊಂಡ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ತಪ್ಪುಗಳಿಗೂ ಒಂದು ಸಾಲು ಇಡಿ. 2004ರ ಯೂರೋ ಕಪ್‌ನಲ್ಲಿ ಡೆನ್ಮಾರ್ಕ್‌ನ ಪೌಲ್ಸನ್ ಮುಖಕ್ಕೆ ಉಗಿದು ಮೂರು ಮ್ಯಾಚ್ ನಿಷೇಧ ತಿಂದ. 2010ರ ಇಟಲಿ ಕಪ್ ಫೈನಲ್‌ನಲ್ಲಿ ಬಾಲೊಟೆಲ್ಲಿಯನ್ನು ಹಿಂದಿನಿಂದ ಒದ್ದು ರೆಡ್ ಕಾರ್ಡ್. ಊರವರು ಅದಕ್ಕೂ ಸಮರ್ಥನೆ ಹುಡುಕಿದರು. ಒಂದೇ ಊರಲ್ಲಿ ಬೇರು ಬಿಟ್ಟರೆ ಇದೊಂದು ಅಪಾಯ, ನಿನ್ನದು ತಪ್ಪು ಎಂದು ಮುಖಕ್ಕೆ ಹೇಳುವವರು ಕಡಿಮೆಯಾಗುತ್ತಾರೆ.

ಇಷ್ಟೆಲ್ಲ ನೋಡಲು ಟೈಮಿಲ್ಲ ಅನ್ನುವವರಿಗೆ ಒಂದು ಅಡ್ಡದಾರಿ ಇದೆ: ಸಂಪ್‌ಡೋರಿಯಾ ಎನ್ನುವ ಹೆಸರನ್ನು ಹಿಡಿದು ಹೋಗಿ. 1997ರಲ್ಲಿ ಅವನನ್ನು ಕಳಿಸಬೇಕು ಅಂದುಕೊಂಡಿದ್ದು ಅಲ್ಲಿಗೇ. 2005ರಲ್ಲಿ ಹೊಸ ಜಾಗದಲ್ಲಿ ಆಡಿದ್ದು ಅವರ ವಿರುದ್ಧವೇ. 2006ರ ನವೆಂಬರ್‌ನಲ್ಲಿ ಅವರದೇ ಮೈದಾನದಲ್ಲಿ, ಗಾಳಿಯಲ್ಲಿ ಬಂದ ಚೆಂಡನ್ನು ಎಡಗಾಲಲ್ಲಿ ಬಾರಿಸಿ ಹೊಡೆದ ಗೋಲಿಗೆ ಎದುರಾಳಿ ಜನರೇ ಎದ್ದು ಚಪ್ಪಾಳೆ ತಟ್ಟಿದರು. 2010ರ ಏಪ್ರಿಲ್ 25ಕ್ಕೆ ಅವರೇ ಒಲಿಂಪಿಕೊಗೆ ಬಂದರು. ರೋಮಾ ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿತ್ತು, ಟೊಟ್ಟಿ ಮೊದಲ ಗೋಲು ಹೊಡೆದ, ಪತ್ಸೀನಿ ಎರಡು ಹೊಡೆದು ಎಲ್ಲ ಮುಗಿಸಿದ. ಲೀಗ್ ಇಂಟರ್ ಕ್ಲಬ್ಬಿನ ಪಾಲಾಯಿತು. 2016ರ ಸೆಪ್ಟೆಂಬರ್‌ನಲ್ಲಿ, 39 ವರ್ಷದವನು, ಅರ್ಧ ಮ್ಯಾಚ್ ಆದ ಮೇಲೆ ಬಂದು 1-2 ಇದ್ದದ್ದನ್ನು 3-2 ಮಾಡಿದ. ಕೊನೆಯ ಗೋಲು 93ನೇ ನಿಮಿಷದ ಪೆನಾಲ್ಟಿ. ಈ ನಾಲ್ಕು ಮ್ಯಾಚ್ ನೋಡಿದರೆ ಅವನ ಅರ್ಧ ಜಾತಕ ಸಿಕ್ಕ ಹಾಗೆ.

2010ರ ಆ ಸೋಲನ್ನು ಹಾರಿಸಬೇಡಿ. ಟೊಟ್ಟಿ ಇದ್ದ ಕಾಲದಲ್ಲಿ ರೋಮಾ ಎರಡನೇ ಸ್ಥಾನಕ್ಕೆ ಬಂದಿದ್ದು ಒಂಬತ್ತು ಸಲ. ಅಕ್ಕನ ಮಗ ಕೇಳಿದ "ಅಷ್ಟೇನಾ"ಗೆ ಉತ್ತರ ಇಲ್ಲಿದೆ. ಎಂಟು ಸಲ ತಪ್ಪಿಹೋದ ಮೇಲೂ ಒಂಬತ್ತನೇ ಸಲಕ್ಕೆ ಟ್ರಿಗೋರಿಯಾದ ಪ್ರಾಕ್ಟೀಸ್ ಮೈದಾನಕ್ಕೆ ಬೆಳಿಗ್ಗೆ ಹೋಗಬೇಕಲ್ಲ, ಅದು ಕಪ್ ಲೆಕ್ಕದಲ್ಲಿ ಬರುವುದಿಲ್ಲ.

ಕೊನೆಯ ಎರಡು ವರ್ಷ, ಎರಡೂ ಕಡೆಯಿಂದ

ಇಲ್ಲಿ ಜಾಸ್ತಿ ಜನ ಒಂದು ಪಕ್ಷ ಹಿಡಿದುಬಿಡುತ್ತಾರೆ. 2016ರ ಜನವರಿಯಲ್ಲಿ ಸ್ಪಲೆಟ್ಟಿ ರೋಮಾಕ್ಕೆ ವಾಪಸ್ ಬಂದ. ಟೊಟ್ಟಿಗೆ 39. ಆಡಲು ಅವಕಾಶ ಸಿಗುತ್ತಿಲ್ಲ ಅಂತ ಟೊಟ್ಟಿ ಟೀವಿಯಲ್ಲಿ ಬೇಸರ ತೋಡಿಕೊಂಡ. ಫೆಬ್ರವರಿ 21ರ ಪಲೆರ್ಮೊ ಮ್ಯಾಚ್‌ಗೆ ಸ್ಪಲೆಟ್ಟಿ ಅವನನ್ನು ತಂಡದಿಂದಲೇ ಕೈಬಿಟ್ಟ. ಟೊಟ್ಟಿ ಗ್ಯಾಲರಿಯಲ್ಲಿ ಕೂತು ನೋಡಿದ, ಜನ ಅವನಿಗೆ ಚಪ್ಪಾಳೆ ಹೊಡೆದರು, ರೋಮಾ 5-0 ಗೆದ್ದಿತು. ಆ 5-0 ಅನ್ನೋದನ್ನು ಮರೆಯಬೇಡಿ. ಸ್ಪಲೆಟ್ಟಿ ಮಾಡಿದ್ದರಲ್ಲೂ ಹುರುಳಿತ್ತು.

ಎರಡು ತಿಂಗಳಿಗೆ ಏಪ್ರಿಲ್ 20. ಎದುರಾಳಿ ತೊರೀನೊ. ನಮ್ಮಲ್ಲಿ ಆಗಲೇ ಮಧ್ಯರಾತ್ರಿ ದಾಟಿತ್ತು. ರೋಮಾ 1-2 ಹಿಂದೆ. 86ನೇ ನಿಮಿಷಕ್ಕೆ ಟೊಟ್ಟಿ ಇಳಿದ. 22 ಸೆಕೆಂಡಿಗೆ ಗೋಲು. ಮೂರು ನಿಮಿಷ ಬಿಟ್ಟು ಪೆನಾಲ್ಟಿ, ಇನ್ನೊಂದು ಗೋಲು. ಅವತ್ತು ಮನೆಯಲ್ಲಿ ನಾನು ಕೂಗಿದ್ದಕ್ಕೆ ಮಲಗಿದ್ದವರೆಲ್ಲ ಎದ್ದು ಬಂದರು, ಆಮೇಲೆ ನಡೆದದ್ದು ಇಲ್ಲಿ ಬೇಡ. ಹಾಗಾದರೆ ಯಾರದ್ದು ಸರಿ? ನನ್ನ ತೀರ್ಮಾನ: ಪೂರ್ತಿ ಮ್ಯಾಚ್ ಆಡುವ ಕಾಲು ಅವನಿಗೆ ಉಳಿದಿರಲಿಲ್ಲ, ಹತ್ತು ನಿಮಿಷಕ್ಕೆ ಬೇಕಾದ ತಲೆ ಮಾತ್ರ ಹಾಗೇ ಇತ್ತು. ಟೊಟ್ಟಿಯಿಂದ ಒಂದು ಕಾಲದಲ್ಲಿ ಅತ್ಯುತ್ತಮ ಆಟ ತೆಗೆದವನೇ ಕೊನೆಗೆ ಬೆಂಚಿನಲ್ಲಿ ಕೂರಿಸಬೇಕಾಗಿ ಬಂತು. ಇಬ್ಬರಿಗೂ ಅದು ಸುಲಭದ ಕೆಲಸ ಆಗಿರಲಿಲ್ಲ.

ಈಗ ಆ ಅಳುವ ದಿನಕ್ಕೆ ಬನ್ನಿ, ಆದರೆ ಭಾಷಣದಿಂದ ಅಲ್ಲ, ಮ್ಯಾಚ್‌ನಿಂದ. ಎದುರಿಗೆ ಜೆನೋವಾ. ಇದು ಕೈಕುಲುಕಿ ಮುಗಿಸುವ ಮ್ಯಾಚ್ ಆಗಿರಲಿಲ್ಲ. ಗೆದ್ದರೆ ಎರಡನೇ ಸ್ಥಾನ, ನೇರ ಚಾಂಪಿಯನ್ಸ್ ಲೀಗ್. ಇಲ್ಲದಿದ್ದರೆ ನಾಪೊಲಿ ಮೇಲೆ ಹೋಗುತ್ತದೆ. ಮೂರನೇ ನಿಮಿಷಕ್ಕೇ ಜೆನೋವಾ ಗೋಲು ಹೊಡೆಯಿತು. ಹೊಡೆದವನು ಪೆಲ್ಲೆಗ್ರಿ ಎಂಬ 16ರ ಹುಡುಗ, ಹುಟ್ಟಿದ್ದು 2001ರ ಮಾರ್ಚ್‌ನಲ್ಲಿ. ಟೊಟ್ಟಿ ಲೀಗ್ ಗೆದ್ದಾಗ ಅವನು ಮೂರು ತಿಂಗಳ ಕೂಸು. 54ನೇ ನಿಮಿಷಕ್ಕೆ ಸಲಾಹ್ ಹೊರಗೆ, ಟೊಟ್ಟಿ ಒಳಗೆ. 2-2 ಆಗಿ, 90ನೇ ನಿಮಿಷಕ್ಕೆ ಪೆರೊಟ್ಟಿ ಹೊಡೆದು 3-2. ಆ ಗೋಲಿನ ಹೊತ್ತಿಗೆ ಜನರ ಮುಖ ನೋಡಿ, ಅರ್ಧ ಖುಷಿ, ಅರ್ಧ ದಿಗಿಲು, ಯಾಕೆಂದರೆ ಇನ್ನು ಸೀಟಿ ಊದುತ್ತಾರೆ. ಆಮೇಲೆ ಭಾಷಣ ನೋಡಿ. ಮುಂದೇನು ಅಂತ ಭಯವಾಗುತ್ತಿದೆ ಎಂದು ಅವನು ಒಪ್ಪಿಕೊಳ್ಳುವ ಜಾಗಕ್ಕೆ ಕಿವಿ ಕೊಡಿ.

ಭಯಕ್ಕೆ ಕಾರಣವೂ ಇತ್ತು. ಡೈರೆಕ್ಟರ್ ಅಂತ ಕ್ಲಬ್ಬಿನಲ್ಲಿ ಉಳಿಸಿಕೊಂಡರು. ಹೊಂದಿಕೆಯಾಗಲಿಲ್ಲ. 2019ರ ಜೂನ್ 17ಕ್ಕೆ ಪತ್ರಿಕಾಗೋಷ್ಠಿ ಕರೆದು ರೋಮಾ ಬಿಟ್ಟ. ಲೀಗ್ ಗೆದ್ದ ದಿನಕ್ಕೆ ಸರಿಯಾಗಿ 18 ವರ್ಷ. ಬಿಟ್ಟು ಹೋಗಬಹುದಿತ್ತಾ ಎನ್ನುವ ಕಾಲಂನಲ್ಲಿ "ಹೋದ" ಅಂತ ಬೀಳುವುದು ಇದೊಂದೇ ಸಾಲಿನಲ್ಲಿ.

ಮುಂದಿನ ಹೆಸರು

ಈ ಪುಟ ತುಂಬಿದ ಮೇಲೆ ಪಾವೊಲೊ ಮಾಲ್ದೀನಿಯನ್ನು ಹಿಡಿಯಿರಿ. ಮಿಲಾನ್, 1985ರಿಂದ 2009, 902 ಮ್ಯಾಚ್. ಅವನದು ಉಲ್ಟಾ ಕಥೆ, ಲೀಗ್ ಏಳು, ಯುರೋಪಿನ ದೊಡ್ಡ ಕಪ್ ಐದು. ಆದ್ದರಿಂದ ಗೆದ್ದ ವರ್ಷಗಳನ್ನು ಬಿಟ್ಟು, ಮಿಲಾನ್ 11ನೇ ಸ್ಥಾನಕ್ಕೆ ಕುಸಿದ 1996-97ರಿಂದ ಶುರು ಮಾಡಿ. ಮರುವರ್ಷ ಅವನು ಕ್ಯಾಪ್ಟನ್, ತಂಡ 10ನೇ ಸ್ಥಾನ. ಕಾಲಂ ಅದೇ ನಾಲ್ಕು. ಮಿಲಾನ್‌ನ ಸ್ಯಾನ್ ಸಿರೊ ಮೈದಾನದಲ್ಲಿ ಅವನ ಕೊನೆಯ ಮ್ಯಾಚ್ 2009ರ ಮೇ 24ಕ್ಕೆ. ತನ್ನದೇ ಗ್ಯಾಲರಿಯ ಒಂದು ಗುಂಪು ಅವನಿಗೆ ಸಿಳ್ಳೆ ಹೊಡೆದು ಅವಮಾನ ಮಾಡಿತು, ಮಿಲಾನ್ 3-2ರಿಂದ ಸೋತಿತು. ಎದುರಿಗಿದ್ದದ್ದು ರೋಮಾ, ಗೆಲುವಿನ ಗೋಲು ಟೊಟ್ಟಿಯದು. ಅದನ್ನು ಎರಡೂ ಪುಟಗಳಲ್ಲಿ ಬರೆದುಕೊಳ್ಳಿ.